ಗೇರ್ ಬಾಕ್ಸ್‌ಗೆ ಮೋಟರ್ ಹೇಗೆ ಕೂರಬೇಕು?

ಗೇರ್ಡ್ ಮೋಟರ್‌ಗೆ, ಅಂದರೆ ವೇಗ ಇಳಿಸುವ ಗೇರ್ ಬಾಕ್ಸ್ ಸಮೇತ ಬರುವ ಮೋಟರ್‌ಗೆ, ಕೊಟೇಶನ್ ಕೇಳುವ ಫಾರಂನಲ್ಲಿ ಎಚ್‌ಪಿ ಎಷ್ಟು, ರೇಶಿಯೋ (ವೇಗ ಎಷ್ಟು ಪಟ್ಟು ಇಳಿಯಬೇಕು) ಎಷ್ಟು, ಔಟ್‌ಪುಟ್ ಶಾಫ್ಟ್ ಯಾವುದು ಅಂತೆಲ್ಲ ಕೇಳಿದ ಮೇಲೆ ಕೆಳಗೆ ಒಂದು ಸಣ್ಣ ಕಾಲಂ ಇರುತ್ತದೆ. 'ಇನ್‌ಪುಟ್ ಟೈಪ್', ಅಂದರೆ ಗೇರ್ ಬಾಕ್ಸ್‌ಗೆ ಮೋಟರ್ ಹೇಗೆ ಜೋಡಿಸಬೇಕು ಅನ್ನೋದು. ಎಂಟು ವರ್ಷದ ಹಿಂದೆ ನಾನು ಅದನ್ನ ಖಾಲಿ ಬಿಟ್ಟು ಕಳಿಸಿದ್ದೆ. ಏನು ಬರೆಯಬೇಕು ಅಂತ ಗೊತ್ತಿರಲಿಲ್ಲ, ಕೇಳೋಕೆ ನಾಚಿಕೆ. ಮೋಟರ್ ಸಮೇತ ಬರುತ್ತಲ್ಲ, ಹೇಗೆ ಕೂತಿದ್ದರೆ ನಮಗೇನು ಅಂದುಕೊಂಡೆ.

ಆ ಖಾಲಿ ಕಾಲಂನ ಲೆಕ್ಕ ಚುಕ್ತಾ ಆಗಿದ್ದು ಒಂದೂವರೆ ವರ್ಷದ ಮೇಲೆ, ಮೇ ತಿಂಗಳ ಒಂದು ರಾತ್ರಿ. ದಾವಣಗೆರೆ ಸುತ್ತ ಭದ್ರಾ ನಾಲೆ ನೀರಿನಲ್ಲಿ ಬೇಸಿಗೆ ಭತ್ತ ಕೊಯ್ಲಾಗುವ ಹೊತ್ತು. ಮೇಲೆ ಮೋಡ ಕಟ್ಟಿತ್ತು, ರೈಸ್ ಮಿಲ್ ಗೇಟ್ ಮುಂದೆ ಭತ್ತ ತುಂಬಿದ ಟ್ರ್ಯಾಕ್ಟರ್ ಸಾಲು ನಿಂತಿತ್ತು. ಒಂಬತ್ತು ಗಂಟೆಗೆ ಫೋನ್ ಬಂತು. ಬಕೆಟ್ ಎಲಿವೇಟರ್, ಅಂದರೆ ಬೆಲ್ಟ್‌ಗೆ ಕಟ್ಟಿದ ಬಕೆಟ್‌ಗಳಲ್ಲಿ ಭತ್ತ ಮೇಲೆತ್ತುವ ಮೆಷಿನ್, ಅದರ ಮೋಟರ್ ಸುಟ್ಟಿದೆ. 5 ಎಚ್‌ಪಿ. ನಾನು ಆರಾಮಾಗಿಯೇ ಹೊರಟೆ, ಯಾಕಂದರೆ 5 ಎಚ್‌ಪಿ ಮೋಟರ್ ಅಂದರೆ ನಮ್ಮೂರಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುವ ಮಾಲು, ಬಾಗಿಲು ಹಾಕಿದ್ದರೂ ಫೋನ್ ಮಾಡಿದರೆ ಬಂದು ತೆಗೆದುಕೊಡುವವರು ಇದ್ದಾರೆ. ಒಂದು ಗಂಟೆ ಕೆಲಸ, ಅಲ್ವಾ?

ಎಲಿವೇಟರ್ ತಲೆ ಮೇಲೆ ಹತ್ತಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನಾಲ್ಕು ಬೋಲ್ಟ್ ಬಿಚ್ಚಿ ಮೋಟರ್ ಹಿಂದಕ್ಕೆ ಎಳೆದರೆ ಎಣ್ಣೆ ಸುರಿಯಿತು. ಗೇರ್ ಬಾಕ್ಸ್ ಎಣ್ಣೆಯೇ. ಮೋಟರ್ ಶಾಫ್ಟ್ ತುದಿಯಲ್ಲಿ ಪಿನಿಯನ್ ಕೂತಿತ್ತು. ಅಂದರೆ ಗೇರ್ ಬಾಕ್ಸ್‌ನ ಮೊದಲನೇ ಹಲ್ಲುಚಕ್ರ ಇದ್ದದ್ದು ಮೋಟರ್ ಮೇಲೆ. ಇದನ್ನ ಇಂಟಿಗ್ರಲ್ ಅಂತಾರೆ. ಮೋಟರ್ ಮತ್ತು ಗೇರ್ ಬಾಕ್ಸ್ ಒಂದೇ ಮೈ. ಆ ಮೋಟರ್‌ನ ಮುಂದಿನ ಫ್ಲಾಂಜ್ (ಬೋಲ್ಟ್ ಹಾಕಿ ಕೂರಿಸುವ ಅಗಲದ ಬಿಲ್ಲೆ) ಬೇರೆ ಥರ, ಶಾಫ್ಟ್ ತುದಿ ಬೇರೆ ಥರ, ಒಳಗೆ ಎಣ್ಣೆ ತಡೆಯುವ ಒಂದು ಆಯಿಲ್ ಸೀಲ್. ಅಂಗಡಿಯ ಯಾವ ಮೋಟರ್ ತಂದರೂ ಅಲ್ಲಿ ಕೂರುವುದಿಲ್ಲ. ಕಂಪನಿಗೆ ಬೆಳಗ್ಗೆ ಫೋನ್ ಮಾಡಿದರೆ, "ಸರ್, ಈ ಮೋಟರ್ ಸ್ಟಾಕ್ ಇಡಲ್ಲ, ಎರಡು ವಾರ" ಅಂದರು.

ಮಿಲ್ ಸಾವ್ಕಾರ್ರು ಬೈಯಲಿಲ್ಲ. ಅದೇ ಕಷ್ಟ. "ಏನಪ್ಪಾ, ನೀನೇ ಹೇಳಿ ತರಿಸಿದ್ದಲ್ಲವಾ ಇದನ್ನ" ಅಂದರು, ಅಷ್ಟೇ.

ಹಾಗಾಗಿ ಸುಟ್ಟ ಮೋಟರನ್ನೇ ವೈಂಡಿಂಗ್ ಅಂಗಡಿಗೆ ಒಯ್ದೆವು. ಅವರು ಕೈ ಪಳಗಿದ ಜನ, ಒಂದೂವರೆ ದಿನದಲ್ಲಿ ವೈಂಡಿಂಗ್ ಮಾಡಿಕೊಟ್ಟರು. ಮುಂದಿನ ಬೇರಿಂಗ್ ಸದ್ದು ಮಾಡುತ್ತಿದೆ ಅಂತ ಅದನ್ನೂ ಬದಲಾಯಿಸಿದರು. ಅದಕ್ಕೆ ಪಿನಿಯನ್ ಕೀಳಬೇಕು, ಕಿತ್ತರು. ಹೊಸ ಆಯಿಲ್ ಸೀಲ್ ಹಾಕುವಾಗ ಶಾಫ್ಟ್‌ನ ಕೀ ವೇ (ಶಾಫ್ಟ್ ಜಾರದಂತೆ ಹಾಕುವ ಕಬ್ಬಿಣದ ತುಂಡು, ಅಂದರೆ ಕೀ, ಕೂರುವ ಕೊರೆತ) ಅಂಚಿನ ಮೇಲೆ ಟೇಪ್ ಸುತ್ತದೆ ಹಾಗೇ ತಳ್ಳಿದ್ದರು, ಸೀಲ್‌ನ ತುಟಿ ಒಂದು ಕಡೆ ಕೊಯ್ದುಕೊಂಡಿತ್ತು. ಇದು ಯಾರಿಗೂ ಕಾಣಲಿಲ್ಲ. ಮೂರು ವಾರದಲ್ಲಿ ಗೇರ್ ಎಣ್ಣೆ ನಿಧಾನವಾಗಿ ಮೋಟರ್ ಒಳಗೆ ಇಳಿದು ವೈಂಡಿಂಗ್ ನೆನೆದು ಮತ್ತೆ ಸುಟ್ಟಿತು. ಮೋಟರ್ ಬಿಚ್ಚಿದರೆ ಬಜ್ಜಿ ಬಾಣಲೆ ಥರ ಇತ್ತು.

ಇಷ್ಟು ಹೇಳಿದೆ ಅಂತ ಇಂಟಿಗ್ರಲ್ ಕೆಟ್ಟದ್ದು ಅಂದುಕೊಳ್ಳಬೇಡಿ. ಅದು ಗಿಡ್ಡ, ಹಗುರ, ಬೆಲೆ ಕಡಿಮೆ. ನಡುವೆ ಕಪ್ಲಿಂಗ್ (ಎರಡು ಶಾಫ್ಟ್ ಜೋಡಿಸುವ ಭಾಗ) ಇಲ್ಲ, ಅಲೈನ್‌ಮೆಂಟ್ ತಲೆನೋವಿಲ್ಲ, ಒಂದು ಜೊತೆ ಬೇರಿಂಗ್ ಕಡಿಮೆ. ಒಂದೇ ಥರದ ಇಪ್ಪತ್ತು ಯೂನಿಟ್ ಓಡುವ ದೊಡ್ಡ ಫ್ಯಾಕ್ಟರಿಯಲ್ಲಿ, ಸ್ಟೋರ್‌ನಲ್ಲಿ ಎರಡು ಪೂರ್ತಿ ಯೂನಿಟ್ ಸ್ಪೇರ್ ಇಟ್ಟಿರುವ ಕಡೆ, ಅದಕ್ಕಿಂತ ಒಳ್ಳೆಯದಿಲ್ಲ. ಕೆಟ್ಟಿತಾ, ಪೂರ್ತಿ ಇಳಿಸು, ಪೂರ್ತಿ ಏರಿಸು, ಕೆಟ್ಟದ್ದನ್ನು ಬಿಡುವಾದಾಗ ರಿಪೇರಿ ಮಾಡು. ನಮ್ಮ ಮಿಲ್‌ಗಳಲ್ಲಿ ಒಂದು ಎಲಿವೇಟರ್‌ಗೆ ಒಂದೇ ಗೇರ್ಡ್ ಮೋಟರ್. ಸ್ಪೇರ್ ಅಂದರೆ ಗೋಡೌನ್ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿರುವ ಹಳೇ ಮೋಟರ್.

ಆ ಹಳೇ ಮೋಟರ್ ಕೂರಬೇಕು ಅಂದರೆ ಗೇರ್ ಬಾಕ್ಸ್‌ನ ಮೂತಿ ಸ್ಟ್ಯಾಂಡರ್ಡ್ ಇರಬೇಕು. ಐಇಸಿ (ಅಂತಾರಾಷ್ಟ್ರೀಯ ಅಳತೆಯ) ಫ್ಲಾಂಜ್ ಅಂತ ಕ್ಯಾಟಲಾಗ್‌ನಲ್ಲಿ ಇರುತ್ತದಲ್ಲ, ಅದು. ಮೋಟರ್‌ನ ಫ್ರೇಮ್ ಸೈಜ್‌ಗೆ ತಕ್ಕಂತೆ ಶಾಫ್ಟ್ ದಪ್ಪ, ಉದ್ದ, ಫ್ಲಾಂಜ್ ಅಗಲ, ಬೋಲ್ಟ್ ತೂತುಗಳ ವೃತ್ತ ಎಲ್ಲ ನಿಗದಿ. ಯಾವ ಕಂಪನಿಯ ಮೋಟರ್ ತಂದರೂ ಅಳತೆ ಒಂದೇ. ನಮ್ಮ ಕಡೆ ಜಾಸ್ತಿ ಓಡುವ ನಾಲ್ಕು ಪೋಲ್ ಮೋಟರ್‌ಗಳದ್ದು, ಅಂದರೆ 1440 ಆರ್‌ಪಿಎಂ ಆಸುಪಾಸಿನವುಗಳದ್ದು, ನನಗೆ ಬಾಯಿಪಾಠ ಆಗಿಹೋಗಿದೆ. 1 ಎಚ್‌ಪಿಗೆ 80 ಫ್ರೇಮ್, ಶಾಫ್ಟ್ 19 ಮಿ.ಮೀ. 2 ಎಚ್‌ಪಿಗೆ 90 ಫ್ರೇಮ್, 24 ಮಿ.ಮೀ. 3 ಎಚ್‌ಪಿಗೆ 100 ಫ್ರೇಮ್, 5 ಎಚ್‌ಪಿಗೆ 112, ಎರಡಕ್ಕೂ ಶಾಫ್ಟ್ 28. 7.5 ಮತ್ತು 10 ಎಚ್‌ಪಿಗೆ 132 ಫ್ರೇಮ್, 38 ಮಿ.ಮೀ. 15 ಮತ್ತು 20ಕ್ಕೆ 160 ಫ್ರೇಮ್, 42.

ಇದರಲ್ಲಿ ಒಂದೆರಡು ಮಜಾ ಇದೆ, ಒಂದೆರಡು ಮೋಸ ಇದೆ. 3 ಮತ್ತು 5 ಎಚ್‌ಪಿ ಮೋಟರ್‌ಗಳ ಬಿ5 ಫ್ಲಾಂಜ್ (ಆರಪಾರು ಬೋಲ್ಟ್ ತೂತಿನ ದೊಡ್ಡ ಫ್ಲಾಂಜ್) ಎರಡೂ 250 ಮಿ.ಮೀ., ಶಾಫ್ಟ್ ಎರಡೂ 28 ದಪ್ಪ, 60 ಉದ್ದ. ಹಾಗಾಗಿ 3 ಎಚ್‌ಪಿ ಸುಟ್ಟ ರಾತ್ರಿ 5 ಎಚ್‌ಪಿ ತಂದು ಕೂರಿಸಬಹುದು, ಕೂರುತ್ತದೆ. ಆದರೆ ಓವರ್‌ಲೋಡ್ ರಿಲೇಯನ್ನ (ಭಾರ ಜಾಸ್ತಿಯಾದರೆ ಮೋಟರ್ ನಿಲ್ಲಿಸುವ ಸ್ವಿಚ್) 3 ಎಚ್‌ಪಿಯ ಆಂಪಿಯರ್‌ಗೇ ಇಟ್ಟಿರಬೇಕು. ಅದನ್ನ ಏರಿಸಿಬಿಟ್ಟರೆ, ಎಲಿವೇಟರ್ ಬುಡದಲ್ಲಿ ಭತ್ತ ಕಟ್ಟಿಕೊಂಡ ದಿನ ಮೋಟರ್ ನಿಲ್ಲುವುದಿಲ್ಲ, ಗೇರ್ ಹಲ್ಲು ಹೋಗುತ್ತದೆ. ಇನ್ನು ಮೋಸ: 1 ಮತ್ತು 2 ಎಚ್‌ಪಿಯ ಬಿ5 ಫ್ಲಾಂಜ್ ಎರಡೂ 200. ಬೋಲ್ಟ್ ತೂತು ಸರಿಯಾಗಿ ಕೂರುತ್ತವೆ, ಶಾಫ್ಟ್ ಮಾತ್ರ ಬೇರೆ. 19ರ ಶಾಫ್ಟನ್ನು 24ರ ತೂತಿಗೆ ತಗಡು ಸುತ್ತಿ ಕೂರಿಸಿದವರನ್ನು ನಾನು ನೋಡಿದ್ದೇನೆ. ಹೆಸರು ಹೇಳಲ್ಲ. ಮತ್ತೊಂದು, ಬರೀ '5 ಎಚ್‌ಪಿ' ಅಂತ ಹೇಳಿ ಮೋಟರ್ ತರಿಸಿ ಅದು ಆರು ಪೋಲ್‌ನದ್ದು, 960 ಆರ್‌ಪಿಎಂನದ್ದು ಬಂದರೆ ಅದು 132 ಫ್ರೇಮ್, ಶಾಫ್ಟ್ 38. ಕೂರಲ್ಲ. ಆಟೋ ಬಾಡಿಗೆ ದಂಡ.

ಸರಿ, ಇಂಟಿಗ್ರಲ್ ಸಹವಾಸ ಬೇಡ, ಸ್ಟ್ಯಾಂಡರ್ಡ್ ಫ್ಲಾಂಜ್ ಬೇಕು ಅಂತ ಬುದ್ಧಿ ಬಂತಲ್ಲ. ಮುಂದಿನ ಸಲ ಕಾಲಂ ತುಂಬಿದೆ. 'ಹಾಲೋ ಇನ್‌ಪುಟ್, ಬಿ5' ಅಂತ ಬರೆದೆ, ಜಂಬದಿಂದ. ಹಾಲೋ ಅಂದರೆ ಗೇರ್ ಬಾಕ್ಸ್‌ನ ಇನ್‌ಪುಟ್ ಶಾಫ್ಟೇ ಟೊಳ್ಳು, ಮೋಟರ್ ಶಾಫ್ಟ್ ಕೀ ಸಮೇತ ನೇರ ಅದರೊಳಗೆ ಹೋಗಿ ಕೂರುತ್ತದೆ. ಸಣ್ಣ ವರ್ಮ್ (ಸ್ಕ್ರೂ ಥರದ ಹಲ್ಲಿನ) ಗೇರ್ ಬಾಕ್ಸ್‌ಗಳು ಬಹುಪಾಲು ಹೀಗೇ ಬರುತ್ತವೆ. ಬೆಲೆಯೂ ಕಡಿಮೆ, ಉದ್ದವೂ ಕಡಿಮೆ. ಕೂರಿಸೋಕೆ ಐದು ನಿಮಿಷ.

ತೆಗೆಯೋಕೆ ಒಂದು ದಿನ.

ಅದು ಮಂಡಕ್ಕಿ ಭಟ್ಟಿ ಏರಿಯಾದ ಒಂದು ಯೂನಿಟ್. ಅಲ್ಲಿಯ ಗಾಳಿ ಗೊತ್ತಲ್ಲ, ಹೊಗೆ, ಬಿಸಿ ಮರಳಿನ ಧೂಳು, ಉಪ್ಪುನೀರಿನ ಹಬೆ, ಎಲ್ಲ ಸೇರಿದ್ದು. ಜರಡಿ ಓಡಿಸುವ 2 ಎಚ್‌ಪಿ ಮೋಟರ್, ಎರಡು ವರ್ಷ ಒಂದು ದಿನವೂ ತೊಂದರೆ ಕೊಡದೆ ಓಡಿತ್ತು. ಮೋಟರ್ ಬೇರಿಂಗ್ ಸದ್ದು ಬಂತು ಅಂತ ಬಿಚ್ಚಲು ಹೋದೆ. ನಾಲ್ಕು ಬೋಲ್ಟ್ ಬಿಚ್ಚಿದರೂ ಮೋಟರ್ ಅಲುಗಲಿಲ್ಲ. ಡೀಸೆಲ್ ಬಿಟ್ಟೆವು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆವು, ರಾತ್ರಿ ಪೂರ್ತಿ ನೆನೆಯಲಿ ಅಂತ ಬಿಟ್ಟು ಬಂದೆವು. ಮಾರನೇ ದಿನ ಎರಡು ಕಡೆ ಮೀಟಿ ಇಟ್ಟು ಒತ್ತಿದೆವು. ಫ್ಲಾಂಜ್‌ನಲ್ಲಿ ಮೋಟರನ್ನ ಹಿಂದಕ್ಕೆ ತಳ್ಳುವ ಒತ್ತು ಬೋಲ್ಟ್ ಹಾಕೋಕೆ ತೂತು ಇರಲಿಲ್ಲ. ಕೊನೆಗೆ ನಮ್ಮ ಹುಡುಗ ಸುತ್ತಿಗೆ ತಗೊಂಡ. ನಾನು ಬೇಡ ಅನ್ನಲಿಲ್ಲ, ಅದು ನನ್ನ ತಪ್ಪು. ಮೂರನೇ ಏಟಿಗೆ ಎರಕದ ಫ್ಲಾಂಜ್‌ನ ಒಂದು ಕಿವಿ ಮುರಿದು ಬಿತ್ತು. ಮೋಟರ್ ಬರಲಿಲ್ಲ.

ಕಡೆಗೆ ಇಡೀ ಯೂನಿಟ್ ಇಳಿಸಿ ಲೇತ್ ಶಾಪ್‌ಗೆ ಒಯ್ದು ಪ್ರೆಸ್ ಮೇಲೆ ಇಟ್ಟು ಬಿಡಿಸಿದರು. ಹೊರಗೆ ಬಂದ ಶಾಫ್ಟ್ ಮೇಲೆ ಕುಂಕುಮದ ಥರ ಕೆಂಪು ಪುಡಿ. ಮಳೆ ನೀರಿಗೆ ಹಿಡಿಯುವ ತುಕ್ಕಿಗಿಂತ ಇದರ ಕಥೆ ಬೇರೆ. ಶಾಫ್ಟ್‌ಗೂ ತೂತಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರುತ್ತದೆ. ಪ್ರತಿ ಸುತ್ತಿಗೂ ಅವೆರಡು ಕಣ್ಣಿಗೆ ಕಾಣದಷ್ಟು ಉಜ್ಜಿಕೊಳ್ಳುತ್ತವೆ, ಉಜ್ಜಿ ಬಂದ ಕಬ್ಬಿಣದ ಪುಡಿ ಗಾಳಿಗೆ ತುಕ್ಕಾಗುತ್ತದೆ, ತುಕ್ಕಾದ ಪುಡಿ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಆಮೇಲೆ ಅದೇ ಗೂಟ ಹೊಡೆದ ಹಾಗೆ ಬಿಗಿಯಾಗಿ ಕೂತುಬಿಡುತ್ತದೆ. ಮೋಟರ್ ಎಷ್ಟು ಚೆನ್ನಾಗಿ, ಎಷ್ಟು ದಿನ ಓಡಿತೋ ಅಷ್ಟು ಗಟ್ಟಿ.

ಈಗ ಹಾಲೋ ಇನ್‌ಪುಟ್ ಹಾಕಬೇಕಾಗಿ ಬಂದರೆ ನಾನು ಮಾಡುವುದು ಇಷ್ಟು. ಮೋಟರ್ ಶಾಫ್ಟ್ ಮೇಲಿನ ಬಣ್ಣ, ಗಂಟು, ಕೀ ವೇ ಅಂಚಿನ ಮುಳ್ಳು ಎಲ್ಲ ಎಮರಿ ಪೇಪರ್‌ನಲ್ಲಿ ತೆಗೆಯುತ್ತೇನೆ. ತಾಮ್ರದ ಪುಡಿ ಇರುವ ಪೇಸ್ಟ್ ಸಿಗುತ್ತದೆ, ಅದನ್ನ ಶಾಫ್ಟ್‌ಗೆ ತೆಳ್ಳಗೆ ಬಳಿಯುತ್ತೇನೆ. ಸಾದಾ ಗ್ರೀಸ್ ಸಾಲುವುದಿಲ್ಲ, ಅದು ಕೆಲವು ತಿಂಗಳಲ್ಲಿ ಒಣಗುತ್ತದೆ. ಮೋಟರ್ ಕೈಯಿಂದ ತಳ್ಳಿದರೆ ಒಳಗೆ ಹೋಗಬೇಕು, ಹೋಗದಿದ್ದರೆ ಕೀ ಎತ್ತರ ಜಾಸ್ತಿ ಇದೆ ಅಂತ ಅರ್ಥ, ಅರದಲ್ಲಿ ಉಜ್ಜಬೇಕು. ಬಡಿದು ಕೂರಿಸಿದರೆ ಆ ಏಟು ಎರಡೂ ಕಡೆಯ ಬೇರಿಂಗ್‌ಗೆ ಬೀಳುತ್ತದೆ. ಮತ್ತೆ ವರ್ಷಕ್ಕೊಂದು ಸಲ, ಏನೂ ಕೆಡದಿದ್ದರೂ, ಯುಗಾದಿಗೋ ಆಯುಧ ಪೂಜೆಗೋ ಮೆಷಿನ್ ನಿಂತಾಗ ಮೋಟರ್ ಎಳೆದು ಒರೆಸಿ ಪೇಸ್ಟ್ ಬಳಿದು ಮತ್ತೆ ಕೂರಿಸಬೇಕು. ಆಯುಧ ಪೂಜೆಗೆ ಕುಂಕುಮ ಹೊರಗಡೆ ಹಚ್ಚೋಣ, ಒಳಗಡೆ ಬೇಡ.

ಇದೆಲ್ಲ ಮಾಡುತ್ತೀರಾ? ಮಾಡಲ್ಲ. ನಾನೂ ನನ್ನ ಬೈಕ್ ಚೈನ್‌ಗೆ ಎಣ್ಣೆ ಬಿಡಲ್ಲ. ಅದಕ್ಕೇ ಮೂರನೇ ಥರದ್ದು ಇದೆ, ಕಪ್ಲಿಂಗ್ ಅಡಾಪ್ಟರ್ ಅಂತಾರೆ. ಫ್ಲಾಂಜ್ ಅದೇ ಸ್ಟ್ಯಾಂಡರ್ಡ್, ಆದರೆ ಒಳಗೆ ಗೇರ್ ಬಾಕ್ಸ್‌ನ ಶಾಫ್ಟ್ ಬೇರೆ, ಮೋಟರ್ ಶಾಫ್ಟ್ ಬೇರೆ, ನಡುವೆ ಕಪ್ಲಿಂಗ್. ಎರಡು ಕಡೆ ಕಬ್ಬಿಣದ ಉಗುರು, ನಡುವೆ ನಕ್ಷತ್ರದ ಆಕಾರದ ರಬ್ಬರ್. ಅಂಗಡಿಯಲ್ಲಿ ಸ್ಟಾರ್ ಅಂದರೆ ಕೊಡುತ್ತಾರೆ, ಸ್ಪೈಡರ್ ಅಂದರೂ ಕೊಡುತ್ತಾರೆ. ಗೇರ್ ಬಾಕ್ಸ್‌ನ ಶಾಫ್ಟ್‌ಗೆ ಅದರದ್ದೇ ಬೇರಿಂಗ್, ಅದರದ್ದೇ ಆಯಿಲ್ ಸೀಲ್ ಇರುವುದರಿಂದ ಮೋಟರ್ ಎಳೆದರೆ ಒಂದು ಹನಿ ಎಣ್ಣೆ ಬೀಳುವುದಿಲ್ಲ. ಮೋಟರ್ ಕಡೆಯ ಅರ್ಧ ಕಪ್ಲಿಂಗ್ ಮೋಟರ್ ಜೊತೆ ಬರುತ್ತದೆ, ಹೊಸ ಮೋಟರ್‌ಗೆ ಅದನ್ನ ಬದಲಾಯಿಸಿ ಹಾಕಿದರೆ ಆಯಿತು. ಶಾಫ್ಟ್ ದಪ್ಪ ಬೇರೆ ಇದ್ದರೂ ಆ ಅರ್ಧ ಕಪ್ಲಿಂಗ್ ಒಂದನ್ನೇ ಬೇರೆ ತೂತಿನದ್ದು ತರಬಹುದು. ಸ್ಟಾರ್ಟ್ ಆಗುವಾಗಿನ ಜಗ್ಗನ್ನು ರಬ್ಬರ್ ಸ್ವಲ್ಪ ನುಂಗುತ್ತದೆ.

ತೊಂದರೆ ಇಲ್ಲ ಅಂತಲ್ಲ. ಒಂದು ಗೇಣು ಉದ್ದ ಜಾಸ್ತಿ, ದುಡ್ಡು ಜಾಸ್ತಿ. ಎಲಿವೇಟರ್ ತಲೆ ಮೇಲೆ ಉದ್ದ ಆದಷ್ಟೂ ಮೋಟರ್ ಹೊರಗೆ ಜೋತುಬೀಳುತ್ತದೆ, ಆ ಭಾರಕ್ಕೆ ಇಡೀ ಯೂನಿಟ್ ತೂಗಾಡುತ್ತದೆ, ಆಧಾರ ಕೊಡಬೇಕು. ರಬ್ಬರ್ ಸ್ಟಾರ್ ಮುಚ್ಚಿದ ಡಬ್ಬಿಯ ಒಳಗಿರುವುದರಿಂದ ಸವೆದದ್ದು ಕಾಣುವುದಿಲ್ಲ, ಕೇಳಿಸುತ್ತದೆ. ಸ್ಟಾರ್ಟ್ ಮಾಡುವಾಗ, ನಿಲ್ಲಿಸುವಾಗ 'ಟಕ್' ಅಂತ ಸದ್ದು ಬಂದರೆ ರಬ್ಬರ್ ಹೋಗಿ ಉಗುರಿಗೆ ಉಗುರು ಬಡಿಯುತ್ತಿದೆ ಅಂತ. ಹಾಗೂ ಕೆಲವು ದಿನ ಓಡುತ್ತದೆ. ಆ ಕೆಲವು ದಿನದಲ್ಲಿ ಸ್ಟಾರ್ ತಂದಿಟ್ಟುಕೊಳ್ಳಿ.

ಕಪ್ಲಿಂಗ್ ಥರದ್ದನ್ನ ನಾನು ಇಷ್ಟಪಡುವುದಕ್ಕೆ ಇನ್ನೊಂದು ಕಾರಣ ಇದೆ, ಇದನ್ನ ಯಾವ ಸೇಲ್ಸ್‌ನವರೂ ನನಗೆ ಹೇಳಿರಲಿಲ್ಲ. ಬಕೆಟ್ ಎಲಿವೇಟರ್ ಓಡುತ್ತಿರುವಾಗ ಕರೆಂಟ್ ಹೋದರೆ ಒಂದು ಕಡೆ ಭತ್ತ ತುಂಬಿದ ಬಕೆಟ್, ಇನ್ನೊಂದು ಕಡೆ ಖಾಲಿ. ಇಡೀ ಬೆಲ್ಟ್ ಹಿಂದಕ್ಕೆ ತಿರುಗಿ ಭತ್ತವೆಲ್ಲ ಬುಡಕ್ಕೆ ಸುರಿಯುತ್ತದೆ. ಅದಕ್ಕೆ ಬ್ಯಾಕ್‌ಸ್ಟಾಪ್ ಅಂತ ಹಾಕುತ್ತಾರೆ, ಒಂದೇ ಕಡೆ ತಿರುಗಲು ಬಿಡುವ ಒಂದು ಥರದ ಬೇರಿಂಗ್. ವರ್ಮ್ ಗೇರ್ ಬಾಕ್ಸ್ ಹಿಂದಕ್ಕೆ ತಿರುಗಲ್ಲ, ಅದೇ ಸಾಕು ಅಂತ ಕೆಲವರು ಹೇಳುತ್ತಾರೆ, ರೇಶಿಯೋ ಜಾಸ್ತಿ ಇದ್ದರೆ ಸುಮಾರಾಗಿ ನಿಜ, ಆದರೆ ಮಿಲ್‌ನ ನಡುಕಕ್ಕೆ ಅದೂ ಮೆಲ್ಲಗೆ ಜಾರುತ್ತದೆ, ನಂಬಬೇಡಿ. ವಿಷಯ ಏನಂದರೆ, ಮೋಟರ್ ವೈಂಡಿಂಗ್ ಆಗಿ ಬಂದಾಗ ಮೂರು ವೈರ್‌ನಲ್ಲಿ ಎರಡು ಅದಲು ಬದಲಾದರೆ ಅದು ಉಲ್ಟಾ ತಿರುಗುತ್ತದೆ. ಬ್ಯಾಕ್‌ಸ್ಟಾಪ್ ಬಿಡುವುದಿಲ್ಲ. ಮೋಟರ್ ತಳ್ಳುತ್ತದೆ, ಬ್ಯಾಕ್‌ಸ್ಟಾಪ್ ತಡೆಯುತ್ತದೆ, ಇಬ್ಬರಲ್ಲಿ ಒಬ್ಬರು ಸಾಯುತ್ತಾರೆ. ಕಪ್ಲಿಂಗ್ ಇದ್ದು ಬ್ಯಾಕ್‌ಸ್ಟಾಪ್ ಗೇರ್ ಬಾಕ್ಸ್ ಕಡೆ ಇದ್ದರೆ ಮೋಟರ್ ಕೂರಿಸುವ ಮೊದಲು ಬೇರೆಯಾಗಿ ನೆಲದ ಮೇಲಿಟ್ಟು ಒಂದು ಕ್ಷಣ ಓಡಿಸಿ ತಿರುಗುವ ದಿಕ್ಕು ನೋಡಬಹುದು. ಇಂಟಿಗ್ರಲ್‌ನಲ್ಲೂ ಮೋಟರ್ ಬಿಚ್ಚಿದ್ದಾಗ ನೋಡಬಹುದು ಅನ್ನಿ, ಆದರೆ ಜೋಡಿಸಿದ ಮೇಲೆ ನೆನಪಾದರೆ ಮತ್ತೆ ಎಣ್ಣೆ ಇಳಿಸಬೇಕು. ಯಾರು ಇಳಿಸುತ್ತಾರೆ? ದೇವರ ಮೇಲೆ ಭಾರ ಹಾಕಿ ಸ್ವಿಚ್ ಒತ್ತುತ್ತಾರೆ.

ಈಗ ಬೆಲ್ಟ್ ವಿಷಯ. ಗೇರ್ ಬಾಕ್ಸ್‌ನಿಂದ ಬರೀ ಶಾಫ್ಟ್ ಹೊರಗೆ ಚಾಚಿರುತ್ತದೆ, ಸಾಲಿಡ್ ಇನ್‌ಪುಟ್. ಅದಕ್ಕೆ ಪುಲ್ಲಿ ಹಾಕಿ, ಮೋಟರನ್ನು ಪಕ್ಕದಲ್ಲೋ ಮೇಲೋ ಇಟ್ಟು ವಿ ಬೆಲ್ಟ್ ಏರಿಸುವುದು. ನಾನು ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ ಇದನ್ನ ಹಳೇ ಕಾಲದ್ದು ಅಂತ ನಗುತ್ತಿದ್ದೆ. ನಮ್ಮೂರಿನ ಹತ್ತಿ ಗಿರಣಿಗಳು ಜೋರಾಗಿದ್ದ ಕಾಲದವರು, ಒಂದೇ ಉದ್ದನೆಯ ಲೈನ್ ಶಾಫ್ಟ್‌ನಿಂದ ಚಪ್ಪಟೆ ಬೆಲ್ಟ್ ಇಳಿಸಿ ಸಾಲು ಮೆಷಿನ್ ಓಡಿಸುವುದನ್ನು ನೋಡಿದ ಹಿರೀಕ ಮೇಸ್ತ್ರಿಗಳು, ಬೆಲ್ಟ್ ಬಿಟ್ಟು ಬೇರೆ ಹಾಕಲು ಒಪ್ಪುತ್ತಿರಲಿಲ್ಲ. ಅವರದ್ದು ಹಠ ಅಂದುಕೊಂಡಿದ್ದೆ.

ಹಠ ಅಲ್ಲ. ಮೆಕ್ಕೆಜೋಳದ ಮೆಷಿನ್‌ಗೆ ದಿಂಡಿನ ಜೊತೆ ಒಂದು ಕಲ್ಲೋ ಕಬ್ಬಿಣದ ತುಂಡೋ ಹೋದರೆ ನೇರ ಜೋಡಿಸಿದ ಗೇರ್ ಬಾಕ್ಸ್‌ನಲ್ಲಿ ಆ ಪೆಟ್ಟು ಹಲ್ಲಿಗೆ ಬೀಳುತ್ತದೆ. ಬೆಲ್ಟ್ ಇದ್ದರೆ ಕಿರ್ರ್ ಅಂತ ಜಾರಿ ಕೂಗಿ ಹೇಳುತ್ತದೆ. ಒಂದು ಬೆಲ್ಟ್ ಹೋದರೆ ಕೆಲವು ನೂರು ರೂಪಾಯಿ, ಗೇರ್ ಹೋದರೆ ಸೀಸನ್ನೇ ಹೋಗುತ್ತದೆ. ವೇಗ ಸ್ವಲ್ಪ ಹೆಚ್ಚು ಕಡಿಮೆ ಬೇಕಾದರೆ ಪುಲ್ಲಿ ಬದಲಾಯಿಸಿದರೆ ಸಾಕು. ಮೋಟರ್ ಯಾವ ಫ್ರೇಮ್, ಫ್ಲಾಂಜ್ ಇದೆಯಾ, ಕಾಲಿನ ಮೇಲೆ ಕೂರುತ್ತದಾ, ಯಾವುದೂ ಲೆಕ್ಕಕ್ಕಿಲ್ಲ, ಗೋಣಿಚೀಲ ಹೊದ್ದ ಯಾವ ಮೋಟರ್ ಆದರೂ ನಡೆಯುತ್ತದೆ. ಆದರೆ ಜಾರುವ ಬೆಲ್ಟ್ ಬಿಸಿಯಾಗುತ್ತದೆ. ಹೊಟ್ಟು, ಧೂಳು ತುಂಬಿದ ಜಾಗದಲ್ಲಿ ಅದನ್ನ ಹಾಗೇ ಜಾರಲು ಬಿಟ್ಟರೆ ಬೆಂಕಿಗೆ ಆಹ್ವಾನ. ಗಾರ್ಡ್ ಕೂಡ ಬೇಕೇ ಬೇಕು. ಲುಂಗಿ, ಟವೆಲ್ ಇರುವ ಕಡೆ ತೆರೆದ ಬೆಲ್ಟ್ ಇಡಬೇಡಿ, ಇದರ ಬಗ್ಗೆ ಮಾತು ಬೆಳೆಸಲ್ಲ.

ಬೆಲ್ಟ್‌ನಲ್ಲಿ ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. 5 ಎಚ್‌ಪಿ, 1440 ಆರ್‌ಪಿಎಂ. ಜಾಗ ಕಡಿಮೆ ಅಂತ ಎರಡೂ ಕಡೆ 100 ಮಿ.ಮೀ.ನ ಪುಟ್ಟ ಪುಲ್ಲಿ ಹಾಕಿದೆ. ಗೇರ್ ಬಾಕ್ಸ್ ಕಡೆ ಪುಲ್ಲಿಯನ್ನ ಶಾಫ್ಟ್‌ನ ತುತ್ತತುದಿಗೆ ಕೂರಿಸಿದೆ, ಬೆಲ್ಟ್ ಹಾಕೋಕೆ ಸಲೀಸು ಅಂತ. ಬೆಲ್ಟ್ ಜಾರಬಾರದು ಅಂತ ವೀಣೆ ತಂತಿಯ ಹಾಗೆ ಬಿಗಿ ಮಾಡಿದೆ. ಐದು ತಿಂಗಳಿಗೆ ಗೇರ್ ಬಾಕ್ಸ್‌ನ ಇನ್‌ಪುಟ್ ಬೇರಿಂಗ್ ಪುಡಿ, ಅದರ ಹಿಂದೆ ಸೀಲ್, ಅದರ ಹಿಂದೆ ಎಣ್ಣೆ.

ಲೆಕ್ಕ ಆಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. 9550 ಅನ್ನು ಕಿಲೋವ್ಯಾಟ್‌ನಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್, ಟಾರ್ಕ್ ಸುಮಾರು 24.5 ನ್ಯೂಟನ್ ಮೀಟರ್. 100 ಮಿ.ಮೀ. ಪುಲ್ಲಿಗೆ ಇದು 490 ನ್ಯೂಟನ್ ಎಳೆತ. ವಿ ಬೆಲ್ಟ್‌ನ ಬಿಗಿತ ಸೇರಿಸಿ ಒಂದೂವರೆ ಪಟ್ಟು ಹಿಡಿದರೆ 735 ನ್ಯೂಟನ್. ನಮ್ಮ ಭಾಷೆಯಲ್ಲಿ, ಆ ಶಾಫ್ಟ್ ತುದಿಗೆ 75 ಕೆ.ಜಿ. ತೂಕದ ಆಳೊಬ್ಬ ದಿನವಿಡೀ ಜೋತುಬಿದ್ದ ಹಾಗೆ. ನಾನು ಬಿಗಿದ ಬಿಗಿಗೆ ಅವನ ತಮ್ಮನೂ ಜೋತುಬಿದ್ದಿದ್ದ ಅನಿಸುತ್ತದೆ. ಎರಡೂ ಕಡೆ 200 ಮಿ.ಮೀ. ಪುಲ್ಲಿ ಹಾಕಿದ್ದರೆ ಭಾರ ಅರ್ಧ ಆಗುತ್ತಿತ್ತು. ಗೇರ್ ಬಾಕ್ಸ್ ಕಡೆ ಒಂದನ್ನೇ ದೊಡ್ಡದು ಮಾಡಿದರೆ ಪ್ರಯೋಜನ ಇಲ್ಲ, ವೇಗ ಇಳಿದು ಟಾರ್ಕ್ ಏರುತ್ತದೆ, ಎಳೆತ ಅಷ್ಟೇ ಇರುತ್ತದೆ. ಮತ್ತೆ ಕ್ಯಾಟಲಾಗ್‌ನಲ್ಲಿ ಈ ಅಡ್ಡ ಭಾರದ ಮಿತಿ ಕೊಟ್ಟಿರುತ್ತಾರಲ್ಲ, ಅದು ಸಾಮಾನ್ಯವಾಗಿ ಶಾಫ್ಟ್‌ನ ನಟ್ಟನಡುವೆ ಭಾರ ಬಿದ್ದರೆ ಅಂತ. ತುದಿಗೆ ಹೋದಷ್ಟೂ ಮಿತಿ ಇಳಿಯುತ್ತದೆ, ಆದ್ದರಿಂದ ಪುಲ್ಲಿಯನ್ನ ಬೇರಿಂಗ್ ಕಡೆಗೆ ಎಷ್ಟು ಒತ್ತರಿಸಲು ಆಗುತ್ತದೋ ಅಷ್ಟು ಒತ್ತರಿಸಿ. ಬೆಲ್ಟ್ ಹಾಕೋಕೆ ಕಷ್ಟ ಆಗಲಿ.

ಬೆಲ್ಟ್ ಇರುವ ಎಲಿವೇಟರ್‌ನಲ್ಲಿ ಬ್ಯಾಕ್‌ಸ್ಟಾಪ್ ಗೇರ್ ಬಾಕ್ಸ್ ಕಡೆ ಇರಬೇಕು, ಮೋಟರ್ ಕಡೆ ಅಲ್ಲ. ಬೆಲ್ಟ್ ತುಂಡಾದ ದಿನ ಮೋಟರ್ ಕಡೆಯ ಬ್ಯಾಕ್‌ಸ್ಟಾಪ್ ಸುಮ್ನೆ ನೋಡುತ್ತಾ ಕೂರುತ್ತದೆ.

ದೊಡ್ಡ ಎಚ್‌ಪಿ ಬಗ್ಗೆ ಜಾಸ್ತಿ ಹೇಳಲ್ಲ. 20 ಎಚ್‌ಪಿ ದಾಟಿದರೆ ಮೋಟರ್ ಕೈಯಲ್ಲಿ ಎತ್ತುವ ಮಾತೇ ಇಲ್ಲ, ಅದನ್ನ ಗೇರ್ ಬಾಕ್ಸ್ ಮೂತಿಗೆ ನೇತುಹಾಕುವ ಬದಲು ಸಾಲಿಡ್ ಶಾಫ್ಟ್ ತಗೊಂಡು, ಗಟ್ಟಿ ಬೇಸ್ ಫ್ರೇಮ್ ಮಾಡಿಸಿ, ಕಾಲಿನ ಮೇಲೆ ಕೂರುವ ಮೋಟರ್ ಇಟ್ಟು, ಟೈರ್ ಕಪ್ಲಿಂಗ್ ಅಥವಾ ಪಿನ್ ಬುಷ್ ಕಪ್ಲಿಂಗ್ ಹಾಕುವುದು ವಾಸಿ. ಅಲೈನ್‌ಮೆಂಟ್ ಸರಿಯಾಗಿ ಮಾಡುವವರು ಬೇಕು. ಕಣ್ಣಳತೆಯವರು ಬೇಡ.

ಇನ್ನು ಇದರ ಉಲ್ಟಾ ಕಡೆ. ಅರ್ಧ ಎಚ್‌ಪಿಯ ಸಣ್ಣ ಕನ್ವೇಯರ್‌ಗೆ ಕಪ್ಲಿಂಗ್ ಅಡಾಪ್ಟರ್ ಬೇಕು ಅಂತ ಒಬ್ಬರು ಹಠ ಹಿಡಿದಿದ್ದರು, ನಾನೇ ಬೇಡ ಅಂದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಆಗುತ್ತದೆ. ಅಷ್ಟು ಸಣ್ಣದಕ್ಕೆ ಹಾಲೋ ಸಾಕು, ತುಕ್ಕು ಹಿಡಿದು ಕೂತರೂ ಇಡೀ ಯೂನಿಟ್ ಬಗಲಲ್ಲಿ ಹಿಡಿದು ಸ್ಕೂಟರ್ ಮೇಲೆ ಒಯ್ಯಬಹುದು.

ಈಗ ಯಾರಾದರೂ ಗೇರ್ಡ್ ಮೋಟರ್ ಬೇಕು ಅಂದರೆ ನಾನು ಕ್ಯಾಟಲಾಗ್ ತೆಗೆಯುವ ಮೊದಲು ಅವರ ಗೋಡೌನ್ ನೋಡಬೇಕು ಅನ್ನುತ್ತೇನೆ. ಜನ ನಗುತ್ತಾರೆ. ಗೋಣಿಚೀಲ ಎತ್ತಿ ಅಲ್ಲಿರುವ ಮೋಟರ್‌ಗಳ ನೇಮ್ ಪ್ಲೇಟ್ ಒರೆಸಿ ಫ್ರೇಮ್ ಸೈಜ್ ಬರೆದುಕೊಳ್ಳುತ್ತೇನೆ. ಪ್ಲೇಟ್ ಅಳಿಸಿಹೋಗಿದ್ದರೆ ವರ್ನಿಯರ್ ಹಿಡಿದು ಶಾಫ್ಟ್ ಅಳೆಯುತ್ತೇನೆ. 28 ಬಂದರೆ, ನಾಲ್ಕು ಪೋಲ್‌ನದ್ದಾದರೆ, 3 ಅಥವಾ 5 ಎಚ್‌ಪಿ ಇರಬೇಕು, ಮೈ ಗಾತ್ರ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ರಾತ್ರಿ ಕೆಟ್ಟರೆ ಯಾರು ಬಿಚ್ಚುತ್ತಾರೆ ಅಂತ ಕೇಳುತ್ತೇನೆ. ಸ್ವಂತ ಫಿಟ್ಟರ್ ಇದ್ದಾರಾ, ಅಥವಾ ನನಗೇ ಫೋನ್ ಬರುತ್ತದಾ? ನನಗೇ ಬರುತ್ತದೆ ಅಂದರೆ ನನ್ನ ನಿದ್ದೆಗೂ ಅನುಕೂಲ ಆಗುವಂಥದ್ದನ್ನೇ ಬರೆಯುತ್ತೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆ ಮೊದಲನೇ ಎಲಿವೇಟರ್‌ಗೆ ಈಗ ಕಪ್ಲಿಂಗ್ ಅಡಾಪ್ಟರ್ ಇರುವ ಗೇರ್ ಬಾಕ್ಸ್ ಇದೆ. ಆಮೇಲೆ ಅಲ್ಲಿ ಒಂದು ಸಲ ಮೋಟರ್ ಸುಟ್ಟಿತು. ಸಾವ್ಕಾರ್ರು ನನಗೆ ಫೋನ್ ಮಾಡಿದ್ದು ಮಾರನೇ ದಿನ, ಹೊಸ ಮೋಟರ್ ಹಾಕಿ ಮಿಲ್ ಓಡುತ್ತಿರುವಾಗ, ಅದೂ ಬೇರೆ ಏನೋ ವಿಷಯಕ್ಕೆ. ಅವರ ಹುಡುಗರೇ ರಾತ್ರಿ ಅಂಗಡಿಯಿಂದ ತಂದು ಹಾಕಿಕೊಂಡಿದ್ದರು.

ಹರಿಹರದ ಕಡೆಯ ಒಬ್ಬರು ಮೊನ್ನೆ ಹೊಸ ಎಲಿವೇಟರ್‌ಗೆ ಇಂಟಿಗ್ರಲ್ಲೇ ಸಾಕು, ರೇಟು ಕಡಿಮೆ ಇದೆ ಅಂದಿದ್ದಾರೆ. ಸ್ಪೇರ್ ಯೂನಿಟ್ ಒಂದು ತಗೊಂಡು ಇಡುತ್ತೀರಾ ಅಂತ ಕೇಳಿದೆ. ಅದರ ರೇಟು ಎಷ್ಟು ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೌನ್‌ನಲ್ಲಿ ಎರಡು ಹಳೇ ಮೋಟರ್ ಇವೆ, ಭಾನುವಾರ ಬಂದು ನೋಡಿ ಅಂದಿದ್ದಾರೆ. ವರ್ನಿಯರ್ ಬ್ಯಾಗ್‌ಗೆ ಹಾಕಿಟ್ಟಿದ್ದೇನೆ.